ತೊಗಟೆಯ ಮೇಲೊಂದು ಸಾಕ್ಷಿ

1866ರಲ್ಲಿ ಫಿನ್‌ಲ್ಯಾಂಡಿನ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ಪರೀಕ್ಷಿಸಿ ಒಂದು ವಿಷಯ ದಾಖಲಿಸಿದರು. ನಗರದ ಉಳಿದೆಡೆ ಕಾಣಸಿಗದ ಎಷ್ಟೋ ಬಗೆಯ ಕಲ್ಲುಹೂಗಳು ಆ ಉದ್ಯಾನದಲ್ಲಿ ಇನ್ನೂ ಬದುಕಿದ್ದವು. ಗಾಳಿ ಎಷ್ಟು ಶುದ್ಧವಾಗಿದೆ ಎಂಬುದನ್ನು ಇವುಗಳಿಂದ ತಿಳಿಯಬಹುದು ಎಂದು ಅವರು ಬರೆದರು. ಸುಮಾರು 30 ವರ್ಷ ಕಳೆಯುವಷ್ಟರಲ್ಲಿ ಅಲ್ಲಿಂದಲೂ ಅವು ಮಾಯವಾಗಿದ್ದವು.

ಕಲ್ಲುಹೂವು ಅಥವಾ ಲೈಕನ್ ಕನ್ನಡಿಗರ ಅಡುಗೆಮನೆಗೆ ಹೊಸದಲ್ಲ. ಮಸಾಲೆ ಪುಡಿ ಹುರಿಯುವಾಗ ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆ ಬಾಣಲೆಗೆ ಬೀಳುವ, ಮೇಲೆ ಬೂದು, ಕೆಳಗೆ ಕಪ್ಪು ಬಣ್ಣದ ಆ ಒಣ ಚೂರು ಇದೇ ಬಳಗದ್ದು. ಅದು ಒಂಟಿ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ನೀರು, ನೆಲೆ ಒದಗಿಸುತ್ತದೆ. ಇದಕ್ಕೆ ಬೇರಿಲ್ಲ. ಎಲೆಗಳಿಗಿರುವಂಥ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜು, ಧೂಳಿನಲ್ಲಿ ಏನು ಬಂದರೂ ಮೈತುಂಬ ಹೀರಿಕೊಳ್ಳುತ್ತದೆ, ಒಳಗೆ ಹೋದದ್ದನ್ನು ಹೊರಹಾಕುವ ದಾರಿ ಅಷ್ಟಾಗಿ ಇಲ್ಲ. ಬೆಳವಣಿಗೆಯೂ ಬಲು ನಿಧಾನ, ಎಷ್ಟೋ ಜಾತಿಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಹಬ್ಬುತ್ತವೆ. ಹೀಗಾಗಿ ಹಲವು ವರ್ಷಗಳ ಗಾಳಿಯ ಲೆಕ್ಕ ಅದರ ಮೈಯಲ್ಲೇ ಜಮೆಯಾಗುತ್ತದೆ.

ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಮೊದಲು ಕೆಡಿಸುವುದು ಪಾಚಿಯ ಹಸಿರು ವರ್ಣಕವನ್ನು. ಕೊಂಬೆಯಿಂದ ಗಡ್ಡದಂತೆ ಇಳಿಬೀಳುವ ಜಾತಿಗಳು ಎಲ್ಲಕ್ಕಿಂತ ಮುಂಚೆ ಹೋಗುತ್ತವೆ, ಆಮೇಲೆ ಎಲೆಯಾಕಾರದವು. ತೊಗಟೆಗೆ ಬಣ್ಣ ಬಳಿದಂತೆ ಅಂಟಿಕೊಂಡವು ಕೊನೆಯವರೆಗೂ ತಡೆದುಕೊಳ್ಳುತ್ತವೆ. ಈ ಕ್ರಮವನ್ನೇ ಆಧರಿಸಿ 1970ರಲ್ಲಿ ಡೇವಿಡ್ ಹಾಕ್ಸ್‌ವರ್ತ್ ಮತ್ತು ಫ್ರಾನ್ಸಿಸ್ ರೋಸ್ ಇಂಗ್ಲೆಂಡ್ ಹಾಗೂ ವೇಲ್ಸ್‌ಗೆ ಒಂದು ಮಾಪಕ ರೂಪಿಸಿದರು. ಯಾವ ಮರದ ಮೇಲೆ ಯಾವ ಜಾತಿಗಳಿವೆ ಎಂದು ನೋಡಿ ಅಲ್ಲಿನ ಚಳಿಗಾಲದ ಗಂಧಕದ ಪ್ರಮಾಣವನ್ನು ಅಂದಾಜಿಸುವುದು ಅದರಿಂದ ಸಾಧ್ಯವಾಯಿತು.

ಮುಂದಿನದು ಇನ್ನೂ ಕುತೂಹಲಕರ. ಕಲ್ಲಿದ್ದಲಿನ ಬಳಕೆ ತಗ್ಗಿ ಗಂಧಕ ಇಳಿದ ಮೇಲೆ ಲಂಡನ್ನಿಗೆ ಲೈಕನ್‌ಗಳು ಮರಳಿದವು. ಆದರೆ ಹಿಂದೆ ಹೋದವೆಲ್ಲ ಹಾಗೇ ಬರಲಿಲ್ಲ. ಹೊಗೆಯ ಕಾಲದಲ್ಲಿ ಎಲ್ಲೆಡೆ ಹಬ್ಬಿದ್ದ 'ಲೆಕನೋರಾ ಕೊನಿಜಿಯೊಯಿಡಿಸ್' ಎಂಬ ಬೂದು-ಹಸಿರು ಜಾತಿ ಅಪರೂಪವಾಯಿತು. ಸಾರಜನಕ ಇಷ್ಟಪಡುವ ಹಳದಿ 'ಜಾಂಥೋರಿಯಾ' ಮೆರೆಯತೊಡಗಿತು. ಗಂಧಕ ಹೋದ ಜಾಗಕ್ಕೆ ವಾಹನಗಳ ಮತ್ತು ಹೊಲಗಳ ಸಾರಜನಕ ಬಂದಿತ್ತು. ಲೈಕನ್ ಕಂಡಿತೆಂದ ಮಾತ್ರಕ್ಕೆ ಗಾಳಿ ಶುದ್ಧ ಎನ್ನುವವರು ಗಮನಿಸಬೇಕಾದ್ದು ಇದು. ಯಾವ ಜಾತಿ ಇದೆ ಎನ್ನುವುದೇ ಮುಖ್ಯ.

ಹಾವಸೆಯೂ ಇದೇ ಕೆಲಸ ಮಾಡುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಅರಣ್ಯ ಸೇವೆಯ ವಿಜ್ಞಾನಿಗಳು ಬೀದಿಮರಗಳ ಹಾವಸೆಯ 346 ಮಾದರಿ ಸಂಗ್ರಹಿಸಿ ಒಳಗಿನ ಲೋಹಗಳನ್ನು ಅಳೆದರು. ನಕ್ಷೆಯಲ್ಲಿ ಕ್ಯಾಡ್ಮಿಯಂ ದಟ್ಟವಾಗಿ ಕಂಡದ್ದು ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳ ಸುತ್ತ. ಆ ಬಳಿಕ ಅಲ್ಲಿ ಯಂತ್ರಗಳನ್ನಿಟ್ಟು ಗಾಳಿಯನ್ನು ಅಳೆದಾಗ ಹಾವಸೆ ತೋರಿದ್ದು ನಿಜವಾಯಿತು. ಯಂತ್ರವನ್ನು ಎಲ್ಲಿಡಬೇಕೆಂದು ಗೊತ್ತಾದದ್ದೇ ಹಾವಸೆಯಿಂದ. ಒಂದು ಮಾಪನ ಕೇಂದ್ರದ ಖರ್ಚು ದೊಡ್ಡದು, ಬೀದಿಗೊಂದು ಇಡಲಾಗದು. ಮರಗಳಾದರೋ ಬೀದಿಯುದ್ದಕ್ಕೂ ಇವೆ.

ನೀರಿಗೂ ಇಂಥ ಸಾಕ್ಷಿಗಳುಂಟು. ಘಟ್ಟದ ತಣ್ಣನೆಯ ತೊರೆಯಲ್ಲಿ ಕಲ್ಲೊಂದನ್ನು ಮಗುಚಿದರೆ ಮೇಫ್ಲೈ ಎಂಬ ಕೀಟದ ಚಪ್ಪಟೆ ಮೈಯ ಮರಿಗಳು ಸರಸರನೆ ಪಕ್ಕಕ್ಕೆ ಜಾರುತ್ತವೆ. ಅವಕ್ಕೆ ಆಮ್ಲಜನಕ ಹೇರಳವಾಗಿರಬೇಕು. ಚರಂಡಿ ಸೇರಿದ ನೀರಿನ ಕೆಸರಲ್ಲಿ ಉಳಿಯುವುದು ಒಂದು ಬಗೆಯ ನೊಣದ ಕೆಂಪು ಮರಿಹುಳುಗಳು. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಕಡಿಮೆ ಆಮ್ಲಜನಕದಲ್ಲೂ ಬಾಳಬಲ್ಲವು.

ಭಾರತದಲ್ಲಿ ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಲೈಕನ್ ಅಧ್ಯಯನಕ್ಕೆ ಹೆಸರಾಗಿದೆ. ಮಾಲಿನ್ಯ ತಾಳಿಕೊಳ್ಳುವ 'ಪಿಕ್ಸಿನ್ ಕೊಕೊಯಿಸ್' ಎಂಬ ಜಾತಿಯಲ್ಲಿ ಲೋಹಗಳು ಎಷ್ಟು ಸೇರಿವೆ ಎಂದು ಅಲ್ಲಿನವರು ನಗರಗಳಲ್ಲಿ ಅಳೆದಿದ್ದಾರೆ. ಲೈಕನ್ ಸಿಗದ ಬಡಾವಣೆಗೆ ಕಾಡಿನಿಂದ ತೊಗಟೆಸಹಿತ ತಂದು ಕಟ್ಟಿ, ತಿಂಗಳುಗಳ ನಂತರ ಪರೀಕ್ಷಿಸುವ ವಿಧಾನವೂ ಇದೆ. ಯುರೋಪಿನ ಮಾಪಕವನ್ನು ಮಾತ್ರ ನಮ್ಮಲ್ಲಿಗೆ ಹಾಗೇ ತರುವಂತಿಲ್ಲ. ಬಿಸಿಲು, ತೇವ, ತೊಗಟೆಯ ಹುಳಿ ಎಲ್ಲವೂ ಲೈಕನ್ನಿನ ಅಳಿವು ಉಳಿವಿನಲ್ಲಿ ಪಾಲು ಪಡೆಯುತ್ತವೆ. ರಸ್ತೆ ಅಗಲಿಸಲು ಹಳೆಯ ಸಾಲುಮರ ಕಡಿದಾಗ ಅದರ ಮೇಲಿದ್ದ ದಶಕಗಳ ದಾಖಲೆಯೂ ಹೋಗುತ್ತದೆ. ಹೊಸದಾಗಿ ನೆಟ್ಟ ಸಸಿಯ ನುಣುಪು ತೊಗಟೆಯಲ್ಲಿ ಓದಲು ಏನೂ ಇರುವುದಿಲ್ಲ.