ಕಾಟಾದ ತಂತಿಗೆ ಹಳೆಯ ಕಂಪ್ಯೂಟರ್

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಸೀಮೆಯ ರೈತನ ವರ್ಷದ ದುಡಿಮೆ ಅಂಕಿಯಾಗಿ ಮಾರ್ಪಡುವ ಸ್ಥಳವೆಂದರೆ ಸಕ್ಕರೆ ಕಾರ್ಖಾನೆಯ ತೂಕದ ಕಾಟಾ. ಇಂದಿನ ಎಲೆಕ್ಟ್ರಾನಿಕ್ ಕಾಟಾದ ವೇದಿಕೆಯ ಕೆಳಗೆ ಲೋಡ್ ಸೆಲ್‌ಗಳೆಂಬ ಉಕ್ಕಿನ ಸಂವೇದಕಗಳಿದ್ದು, ಭಾರ ಬಿದ್ದಾಗ ಅವು ಅತ್ಯಲ್ಪವಾಗಿ ಬಾಗುವುದರಿಂದ ಉಂಟಾಗುವ ವಿದ್ಯುತ್ ವ್ಯತ್ಯಾಸವನ್ನು ಇಂಡಿಕೇಟರ್ ಎಂಬ ಪೆಟ್ಟಿಗೆಯು ಕಿಲೋಗ್ರಾಮಿಗೆ ಪರಿವರ್ತಿಸಿ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಅದೇ ಅಂಕಿಯನ್ನು ಕಚೇರಿಯ ಕಂಪ್ಯೂಟರಿಗೆ ಮುಟ್ಟಿಸಲು ಇಂತಹ ಇಂಡಿಕೇಟರುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಆರ್‌ಎಸ್-232 ಎಂಬ ಸೀರಿಯಲ್ ಕಿಂಡಿ ಇರುತ್ತದೆ. ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡು 1969ರಲ್ಲಿ ಬಹುಕಾಲ ಬಾಳಿದ ರೂಪವನ್ನು ಪಡೆದ ಈ ಮಾನದಂಡವನ್ನು ಇಂದಿನ ಮನೆಯ ಕಂಪ್ಯೂಟರುಗಳು ಮರೆತಿದ್ದರೂ ಕಾಟಾಗಳು ಮರೆತಿಲ್ಲ. ನಾಲ್ಕು ದಶಕಗಳ ಹಿಂದಿನ ಗೃಹ ಕಂಪ್ಯೂಟರು ಇಂದಿಗೂ ಕೆಲಸಕ್ಕೆ ಬರುವುದು ಇದೇ ಕಾರಣದಿಂದ.

ಸೀರಿಯಲ್ ಪದ್ಧತಿಯಲ್ಲಿ ಅಕ್ಷರವೊಂದರ ಬಿಟ್‌ಗಳು, ಅಂದರೆ ಸೊನ್ನೆ ಮತ್ತು ಒಂದುಗಳು, ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿದ ಟ್ರ್ಯಾಕ್ಟರುಗಳಂತೆ ಒಂದರ ಹಿಂದೊಂದಾಗಿ ಒಂದೇ ತಂತಿಯಲ್ಲಿ ಸಾಗುತ್ತವೆ. ಸಾಲಿನ ಮೊದಲಿಗೆ ಆರಂಭ ಬಿಟ್, ಕೊನೆಗೆ ಅಂತ್ಯ ಬಿಟ್ ಸೇರುವುದರಿಂದ ಎಂಟು ಬಿಟ್‌ಗಳ ಅಕ್ಷರಕ್ಕೆ ಒಟ್ಟು ಹತ್ತು ಬಿಟ್ ಬೇಕಾಗುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 960 ಅಕ್ಷರಗಳು ಹಾಯುತ್ತವೆ. ಸೊನ್ನೆಗೆ 3ರಿಂದ 15 ವೋಲ್ಟ್‌ನ ಧನ ವಿದ್ಯುತ್ತು, ಒಂದಕ್ಕೆ ಅಷ್ಟೇ ಪ್ರಮಾಣದ ಋಣ ವಿದ್ಯುತ್ತು ಎಂಬುದು ಆರ್‌ಎಸ್-232ರ ಕಟ್ಟಳೆ. ಕಳಿಸುವ ತಂತಿ, ಸ್ವೀಕರಿಸುವ ತಂತಿ, ಎರಡಕ್ಕೂ ಸಮಾನವಾದ ಗ್ರೌಂಡ್ ತಂತಿ, ಹೀಗೆ ಮೂರು ತಂತಿಗಳಿದ್ದರೆ ಎರಡು ಯಂತ್ರಗಳ ಸಂಭಾಷಣೆಗೆ ಸಾಕು. ಯಾವ ಅಕ್ಷರಕ್ಕೆ ಯಾವ ಬಿಟ್‌ಗಳು ಎಂಬುದನ್ನು 1963ರ ಆಸ್ಕಿ ಸಂಕೇತಪಟ್ಟಿ ನಿರ್ಧರಿಸುತ್ತದೆ. ಟೆಲಿಪ್ರಿಂಟರಿನ ಕಾಗದಪಟ್ಟಿಯ ಕಾಲದಲ್ಲಿ ಹುಟ್ಟಿದ ಈ ಪಟ್ಟಿಯ ಕೊನೆಯ ಸಂಕೇತವಾದ 127ಕ್ಕೆ ಏಳೂ ರಂಧ್ರಗಳು ಬೀಳುತ್ತಿದ್ದು, ತಪ್ಪಾಗಿ ಒತ್ತಿದ ಅಕ್ಷರವನ್ನು ಅಳಿಸಲು ಅದರ ಮೇಲೆಯೇ ಎಲ್ಲ ರಂಧ್ರಗಳನ್ನೂ ಹೊಡೆಯಲಾಗುತ್ತಿತ್ತು. ಜಕಾರ್ಡ್ ಮಗ್ಗದ ರಟ್ಟಿನ ರಂಧ್ರಗಳು ಸೀರೆಯ ವಿನ್ಯಾಸವನ್ನು ನಿರ್ಧರಿಸುವುದನ್ನು ಬಲ್ಲ ಬನಹಟ್ಟಿಯ ನೇಕಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಟರ್ಮಿನಲ್ ಎಂದರೆ ಸ್ವತಃ ಲೆಕ್ಕ ಮಾಡದೆ, ತಂತಿಯಿಂದ ಬಂದ ಅಕ್ಷರಗಳನ್ನು ಪರದೆಗೆ ತರುವ, ಕೀಲಿಮಣೆಯಲ್ಲಿ ಒತ್ತಿದ್ದನ್ನು ಬೇರೆಡೆಯ ಕಂಪ್ಯೂಟರಿಗೆ ಕಳಿಸುವ ಸಾಧನ. ಇವುಗಳಲ್ಲಿ ಪ್ರಸಿದ್ಧವಾದದ್ದು 1978ರ ವಿಟಿ-100. ಗೃಹ ಕಂಪ್ಯೂಟರಿಗೆ ಇದೇ ಪಾತ್ರವನ್ನು ವಹಿಸಲು ಬೇಕಾದದ್ದು ಸೀರಿಯಲ್ ಕಿಂಡಿ ಮತ್ತು ಚಿಕ್ಕದೊಂದು ಪ್ರೋಗ್ರಾಮ್ ಮಾತ್ರ. ಭಾರತದ ಮಟ್ಟಿಗೆ ಉತ್ತಮ ಉದಾಹರಣೆ ಬಿಬಿಸಿ ಮೈಕ್ರೊ: 1981ರಲ್ಲಿ ಬ್ರಿಟನ್ನಿನ ಏಕಾರ್ನ್ ಸಂಸ್ಥೆ ಹೊರತಂದ ಈ ಯಂತ್ರವೇ 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ದೇಶದ ಸುಮಾರು 250 ಶಾಲೆಗಳ ದಾರಿ ಹಿಡಿಯಿತು. ಅದರ ಬಿ ಮಾದರಿಯ ನೆನಪಿನ ಸಾಮರ್ಥ್ಯ ಕೇವಲ 32 ಕಿಲೋಬೈಟ್; ಆದರೆ ಬೆನ್ನಿಗಿರುವ ಐದು ಪಿನ್ನಿನ ಆರ್‌ಎಸ್-423 ಕಿಂಡಿ ಆರ್‌ಎಸ್-232ರೊಡನೆ ಹೊಂದಿಕೊಳ್ಳುತ್ತದೆ. ಕಾಟಾದ ಇಂಡಿಕೇಟರ್ 2400ರ ವೇಗದಲ್ಲಿ ಅಂಕಿ ಕಳಿಸುತ್ತಿದ್ದರೆ ‘ಸ್ಟಾರ್ ಎಫ್‌ಎಕ್ಸ್ 7,5’ ಎಂಬ ಆಜ್ಞೆಯಿಂದ ಸ್ವೀಕಾರದ ವೇಗವನ್ನು ಹೊಂದಿಸಿ, ‘ಸ್ಟಾರ್ ಎಫ್‌ಎಕ್ಸ್ 2,1’ ಎಂದು ಕೀಲಿಮಣೆಯ ಬದಲು ತಂತಿಯಿಂದಲೇ ಅಕ್ಷರಗಳನ್ನು ಪಡೆಯುವಂತೆ ಮಾಡಿದರೆ, ಬೇಸಿಕ್ ಭಾಷೆಯ ಕೆಲವೇ ಸಾಲುಗಳು ತೂಕವನ್ನು ಟಿವಿಯ ಪರದೆಯ ಮೇಲೆ ಮೂಡಿಸಬಲ್ಲವು. ಇಂದಿನ ಲಿನಕ್ಸ್ ಕಂಪ್ಯೂಟರಿಗೆ ಟರ್ಮಿನಲ್ ಆಗಬೇಕಾದರೆ ಮಾತ್ರ ಕರ್ಸರ್ ಸರಿಸುವ, ಪರದೆ ಅಳಿಸುವ ವಿಟಿ-100ರ ಸಂಕೇತಗಳನ್ನು ಅರಿತ ಪ್ರೋಗ್ರಾಮ್ ಬೇಕು.

ತೊಡಕು ಬರುವುದು ಕನ್ನಡದಲ್ಲಿ. ಆಸ್ಕಿಯ 128 ಸಂಕೇತಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಈ ಕೊರತೆಯನ್ನು ನೀಗಿಸಲು ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು ಭಾರತೀಯ ಲಿಪಿಗಳ ಟರ್ಮಿನಲ್‌ಗಳನ್ನೇ ನೀಡಿತು. 1991ರ ಇಸ್ಕಿ ಮಾನದಂಡವು ಕನ್ನಡದ ಪ್ರತಿ ಚಿಹ್ನೆಗೂ ಒಂದು ಬೈಟ್ ಕೊಟ್ಟಿತು. ‘ಜಮಖಂಡಿ’ ಎಂಬ ಹೆಸರು ಇಸ್ಕಿಯಲ್ಲಿ 6 ಬೈಟ್ ಆದರೆ ಇಂದಿನ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ 18 ಬೈಟ್, ಅಂದರೆ ಅದೇ ತಂತಿಯಲ್ಲಿ ಮೂರು ಪಟ್ಟು ಸಮಯ. ಬಿಬಿಸಿ ಮೈಕ್ರೊದಲ್ಲಿ ಬಳಕೆದಾರರೇ ಅಕ್ಷರ ರೂಪಿಸಬಹುದಾದರೂ ಎಂಟಕ್ಕೆ ಎಂಟು ಚುಕ್ಕಿಗಳ ಚೌಕದಲ್ಲಿ ಒತ್ತಕ್ಷರ, ದೀರ್ಘಗಳನ್ನು ಹಿಡಿಸುವುದು ದುಸ್ಸಾಧ್ಯ; ಕನ್ನಡ ಅಂಕಿಗಳಿಗೆ ಮಾತ್ರ ಆ ಚೌಕ ಧಾರಾಳವಾಗಿ ಸಾಕು, ಕಾಟಾಕ್ಕೆ ಬೇಕಾದದ್ದೂ ಅಷ್ಟೇ.

ಜೋಡಣೆಯಲ್ಲಿ ಎಚ್ಚರ ಅಗತ್ಯ. ಆರ್‌ಎಸ್-232ರ ತಂತಿಯನ್ನು 3.3 ವೋಲ್ಟ್‌ನ ಇಂದಿನ ಪುಟ್ಟ ಬೋರ್ಡುಗಳ ಪಿನ್ನಿಗೆ ನೇರವಾಗಿ ಮುಟ್ಟಿಸಿದರೆ ಬೋರ್ಡು ಸುಟ್ಟುಹೋಗಬಹುದು, ನಡುವೆ ವೋಲ್ಟೇಜ್ ಬದಲಿಸುವ ಚಿಪ್ ಇರಲೇಬೇಕು. ಬಿಬಿಸಿ ಮೈಕ್ರೊದ ವಿದ್ಯುತ್ ಪೆಟ್ಟಿಗೆಯ ಹಳೆಯ ಕೆಪಾಸಿಟರುಗಳು ಬಿರುಕುಬಿಟ್ಟು ಹೊಗೆಯಾಡುವುದು ಪ್ರಸಿದ್ಧವಾದುದರಿಂದ ಅವುಗಳನ್ನು ಬದಲಿಸದೆ ಯಂತ್ರವನ್ನು ಚಾಲೂ ಮಾಡುವುದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಕಾನೂನಿನ ದೃಷ್ಟಿಯಲ್ಲಿ ತೂಕವೆಂದರೆ ಕಾನೂನು ಮಾಪನ ಶಾಸ್ತ್ರ ಇಲಾಖೆ ಪರಿಶೀಲಿಸಿ ಮುದ್ರೆ ಒತ್ತಿದ ಕಾಟಾದ್ದೇ ಹೊರತು ಪರದೆಯದ್ದಲ್ಲ. ಕಾಟಾವೇ ತಪ್ಪು ತೂಗಿದರೆ ಪರದೆ ಆ ತಪ್ಪನ್ನೇ ತೋರಿಸುತ್ತದೆ. ಆದರೂ ತೂಕದ ಬಗೆಗಿನ ಅನುಮಾನವು ರೈತರ ಹಳೆಯ ದೂರಾಗಿರುವಾಗ, ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಗೆ ತಗಲುವುದು ಮೂರು ತಂತಿ ಮತ್ತು ಯಾರೋ ಮೂಲೆಗೆಸೆದ ಕಂಪ್ಯೂಟರ್ ಮಾತ್ರ. ಸೀಮೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಅಂತಹ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ವಿದ್ಯಾರ್ಥಿಗಳಿಂದ ಈ ಜೋಡಣೆಯನ್ನು ಒಮ್ಮೆ ಮಾಡಿಸಿ ನೋಡಬೇಕು.