ಬೋರ್ಡ್ ಮಾತಾಡ್ತಿಲ್ವಾ? ಮೂರು ವೈರ್ ಸಾಕು

ಬೇಸಿಗೆ ರಜೆಯಲ್ಲಿ ಮೇಳಿಗೆಯ ನಮ್ಮ ಅಡಿಕೆ ತೋಟದ ಪಂಪ್ ನೋಡ್ಕೊಳ್ಳೋಕೆ ಒಂದು ರಾಸ್ಪ್‌ಬೆರಿ ಪೈ ಇಟ್ಟಿದ್ದೆ. ಒಂದಿನ ಕರೆಂಟ್ ಹೋಗಿ ಬಂತು, ಬೋರ್ಡ್ ವೈಫೈಗೆ ಸಿಗಲೇ ಇಲ್ಲ. ಅಪ್ಪ ಮತ್ತೆ ಟಾರ್ಚ್ ಹಿಡ್ಕೊಂಡು ರಾತ್ರಿ ತೋಟಕ್ಕೆ ಹೊರಟರು.

ಸ್ಕ್ರೀನೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂದ್ರೆ ಉಳಿಯೋದು ಸೀರಿಯಲ್ ಕನ್ಸೋಲ್. ಪೈಯಲ್ಲಿ 6ನೇ ಪಿನ್ ಗ್ರೌಂಡ್, 8 ಟಿಎಕ್ಸ್, 10 ಆರ್‌ಎಕ್ಸ್. ಯುಎಸ್‌ಬಿ ಅಡಾಪ್ಟರ್ 3.3 ವೋಲ್ಟಿನದೇ ಇರಲಿ, 5 ವೋಲ್ಟ್ ಕೊಟ್ಟರೆ ಪಿನ್ ಸುಟ್ಟುಹೋಗಬಹುದು.

ಏನೂ ಬರ್ತಿಲ್ವಾ? ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಿದೆಯಾ, ಗ್ರೌಂಡ್ ಸೇರಿದೆಯಾ ನೋಡಿ. ಕಾನ್ಫಿಗ್ ಫೈಲಿನಲ್ಲಿ ಯುಎಆರ್‌ಟಿ ಆನ್ ಮಾಡಿದ್ದೀರಾ ಅಂತಲೂ ನೋಡಿ.

ಅರ್ಥವಿಲ್ಲದ ಚಿಹ್ನೆಗಳು ಬರ್ತಿವೆಯಾ? ಬಾಡ್ ರೇಟ್ ತಪ್ಪಿರಬಹುದು. ಸಾಮಾನ್ಯವಾಗಿ 115200.

ಅಕ್ಷರ ಬರುತ್ತೆ, ಆದ್ರೆ ಟೈಪ್ ಆಗಲ್ವಾ? ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ.

ಯು-ಬೂಟ್ ಇರುವ ಬೋರ್ಡ್ 'ಸ್ಟಾರ್ಟಿಂಗ್ ಕರ್ನಲ್' ಅಂತ ಹೇಳಿ ಸುಮ್ಮನಾಯ್ತಾ? ಸತ್ತೇ ಹೋಯ್ತು ಅಂದ್ಕೋಬೇಡಿ. ಕರ್ನಲ್ ಬೇರೆ ಪೋರ್ಟಿಗೆ ಬರೀತಿರಬಹುದು. ಬೂಟ್ ಆರ್ಗ್ಯುಮೆಂಟಿನಲ್ಲಿ ಕನ್ಸೋಲ್ ಹೆಸರು ಸರಿ ಇದೆಯಾ ನೋಡಿ.

ನಾನು ಟಿಎಕ್ಸ್‌ಗೆ ಟಿಎಕ್ಸನ್ನೇ ಕೊಟ್ಟು ಒಂದು ಗಂಟೆ ಕಳೆದಿದ್ದೆ. ಅದಲು ಬದಲು ಮಾಡಿದ ಕೂಡಲೇ ಉತ್ತರ ಬಂತು: ಕರ್ನಲ್ ಪ್ಯಾನಿಕ್, ರೂಟ್ ಫೈಲ್‌ಸಿಸ್ಟಮ್ ಸಿಗ್ತಿಲ್ಲ. ಕೆಟ್ಟಿದ್ದು ಬೋರ್ಡಲ್ಲ, ಎಸ್‌ಡಿ ಕಾರ್ಡಿನ ಫೈಲ್‌ಸಿಸ್ಟಮ್. ಕಾರ್ಡನ್ನು ಹೊಸದಾಗಿ ಬರೆದೆ. ಮಾರನೇ ರಾತ್ರಿ ಟಾರ್ಚ್ ಗೂಟದಲ್ಲೇ ನೇತಾಡ್ತಿತ್ತು.