ಅಸ್ಸಾಮಿ ಬಿಡದೆ ದೇಶ ಗೆದ್ದ ಭೂಪೇನ್‌ದಾ

1993ರಲ್ಲಿ ಬಂದ ‘ರುಡಾಲಿ’ ಸಿನಿಮಾದ ‘ದಿಲ್ ಹೂಂ ಹೂಂ ಕರೇ’ ಹಾಡನ್ನು ಕೇಳದವರು ನಮ್ಮಲ್ಲಿ ಕಡಿಮೆ. ಲತಾ ಮಂಗೇಶ್ಕರ್ ಹಾಡಿದ್ದೂ ಉಂಟು, ಸಂಗೀತ ಕೊಟ್ಟ ಭೂಪೇನ್ ಹಜಾರಿಕಾ ಅವರೇ ಹಾಡಿದ್ದೂ ಉಂಟು. ಆ ‘ಹೂಂ ಹೂಂ’ ಹಿಂದಿಯದ್ದೇ ಅಂತ ನಾವು ತುಂಬಾ ಕಾಲ ನಂಬಿದ್ದೆವು. ಅಲ್ಲ, ಅದು ಅಸ್ಸಾಮಿಯದ್ದು. ‘ಮಣಿರಾಮ್ ದೇವಾನ್’ ಎಂಬ ಅಸ್ಸಾಮಿ ಸಿನಿಮಾಕ್ಕೆ 1963ರಲ್ಲಿ ಅವರೇ ಮಾಡಿದ್ದ ಹಾಡಿನಿಂದ ರಾಗವೂ ಆ ಸದ್ದೂ ಒಟ್ಟಿಗೇ ಬಂದವು. ಹಿಂದಿಯಲ್ಲಿ ಬರೆದ ಗುಲ್ಜಾರ್ ಅದನ್ನು ಹಾಗೆಯೇ ಉಳಿಸಿಕೊಂಡರು.

ಭೂಪೇನ್‌ದಾ ಅವರ ದಾರಿ ಹೆಚ್ಚುಕಮ್ಮಿ ಹೀಗೆಯೇ. ಮೊದಲು ಅಸ್ಸಾಮಿಯಲ್ಲಿ ಬರೆಯುವುದು, ರಾಗ ಹಾಕುವುದು, ಹಾಡುವುದು. ಬಂಗಾಳಿ, ಹಿಂದಿ ಎಲ್ಲ ಆಮೇಲೆ.

ಹುಟ್ಟಿದ್ದು 1926ರ ಸೆಪ್ಟೆಂಬರ್ 8ರಂದು, ಅಸ್ಸಾಮಿನ ಪೂರ್ವ ತುದಿಯ ಸದಿಯಾದಲ್ಲಿ. ಜ್ಯೋತಿಪ್ರಸಾದ್ ಅಗರ್ವಾಲಾ ಅವರ ‘ಇಂದ್ರಮಾಲತಿ’ (1939) ಚಿತ್ರದಲ್ಲಿ ಹಾಡಿದಾಗ ಇನ್ನೂ ಶಾಲೆಗೆ ಹೋಗುವ ಹುಡುಗ. ಬನಾರಸ್‌ನಲ್ಲಿ ಎಂ.ಎ. ಮುಗಿಸಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1952ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಪದವಿಗಿಂತ ದೊಡ್ಡದೊಂದು ಸಿಕ್ಕಿತು ಅಂತ ನಮಗನ್ನಿಸುತ್ತದೆ: ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಗಾಯಕ ಪಾಲ್ ರಾಬ್ಸನ್ ಅವರ ಒಡನಾಟ. ರಾಬ್ಸನ್ ಹಾಡುತ್ತಿದ್ದ ‘ಓಲ್ ಮ್ಯಾನ್ ರಿವರ್’ ಮಿಸಿಸಿಪ್ಪಿ ನದಿ ದಡದಲ್ಲಿ ಬೆವರು ಸುರಿಸುವವರ ಹಾಡು. ಅದರ ಪ್ರೇರಣೆಯಿಂದ ಭೂಪೇನ್‌ದಾ ತಮ್ಮ ಬ್ರಹ್ಮಪುತ್ರದ ಮೇಲೆ ಹಾಡು ಕಟ್ಟಿದರು. ಜನರ ಕಷ್ಟ ಕಂಡೂ ಸುಮ್ಮನಿರುವ ನದಿಯನ್ನೇ ತರಾಟೆಗೆ ತೆಗೆದುಕೊಂಡರು. ಅದೇ ಹಾಡು ಬಂಗಾಳಿ, ಹಿಂದಿಗೆ ಹೋದಾಗ ಬ್ರಹ್ಮಪುತ್ರದ ಜಾಗಕ್ಕೆ ಗಂಗೆ ಬಂತು.

1960ರಲ್ಲಿ ಭಾಷೆಯ ಹೆಸರಲ್ಲಿ ಅಸ್ಸಾಮಿಗಳು ಮತ್ತು ಬಂಗಾಳಿಗಳ ನಡುವೆ ಗಲಭೆ ಎದ್ದಿತು. ಹೇಮಾಂಗ ಬಿಸ್ವಾಸ್ ಬಂಗಾಳಿ, ಭೂಪೇನ್‌ದಾ ಅಸ್ಸಾಮಿ. ಇಬ್ಬರೂ ಸೇರಿ ಕಲಾವಿದರ ತಂಡ ಕಟ್ಟಿಕೊಂಡು, ಮನಸ್ಸು ಮುರಿದಿದ್ದ ಊರುಗಳಿಗೇ ಹೋಗಿ ಹಾಡಿದರು. ಪ್ರಶಸ್ತಿಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಮೊದಲು ಬರಬೇಕಾದ್ದು ಇದೇ.

ಹಾಗಂತ ಪಟ್ಟಿ ಸಣ್ಣದೇನಲ್ಲ. ಅವರೇ ನಿರ್ದೇಶಿಸಿದ ‘ಶಕುಂತಲಾ’, ‘ಪ್ರತಿಧ್ವನಿ’, ‘ಲಟಿಘಟಿ’ ಚಿತ್ರಗಳಿಗೆ ರಾಷ್ಟ್ರಪತಿ ಪದಕ ಸಿಕ್ಕಿತು. ಅಬ್ದುಲ್ ಮಜೀದ್ ನಿರ್ದೇಶಿಸಿದ, ಚಹಾ ತೋಟದ ಕತೆಯ ‘ಚಮೇಲಿ ಮೇಮ್‌ಸಾಬ್’ ಸಂಗೀತಕ್ಕೆ 1975ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ‘ಶೋಲೆ’ ಬಂದ ವರ್ಷ ಅದು ಮಾರಾಯ್ರೇ! 1977ರಲ್ಲಿ ಪದ್ಮಶ್ರೀ, 1987ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1992ರ ಸಾಲಿನ ದಾದಾಸಾಹೇಬ್ ಫಾಲ್ಕೆ, 2001ರಲ್ಲಿ ಪದ್ಮಭೂಷಣ.

ಒಂದು ವಿಷಯ ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 1967ರಲ್ಲಿ ಪಕ್ಷೇತರರಾಗಿ ಗೆದ್ದು ಶಾಸಕರಾಗಿದ್ದವರು 2004ರಲ್ಲಿ ಬಿಜೆಪಿಯಿಂದ ಗುವಾಹಟಿಯಲ್ಲಿ ಲೋಕಸಭೆಗೆ ನಿಂತರು, ಸೋತರು. ಅವರ ಹಾಡನ್ನು ಎದೆಗೆ ಹಚ್ಚಿಕೊಂಡಿದ್ದ ಅನೇಕರಿಗೆ ಅದು ನುಂಗಲಾರದ ತುತ್ತಾಗಿತ್ತು. ಆದರೆ ಹಾಡನ್ನು ಯಾರೂ ಬಿಡಲಿಲ್ಲ. 2011ರ ನವೆಂಬರ್ 5ರಂದು ಮುಂಬೈಯಲ್ಲಿ ತೀರಿಕೊಂಡ ಅವರನ್ನು ಗುವಾಹಟಿಗೆ ತಂದಾಗ ಕೊನೆಯ ಸಲ ನೋಡಲು ಬಂದವರು ಲಕ್ಷಾಂತರ ಮಂದಿ.

2012ರಲ್ಲಿ ಪದ್ಮವಿಭೂಷಣ, 2019ರಲ್ಲಿ ಭಾರತರತ್ನ, ಎರಡೂ ಮರಣೋತ್ತರ. ಈ ಎರಡರ ನಡುವೆ, 2017ರಲ್ಲಿ, ಲೋಹಿತ್ ನದಿಗೆ ಅಡ್ಡಲಾಗಿ ಕಟ್ಟಿದ 9.15 ಕಿಲೋಮೀಟರ್ ಉದ್ದದ ಸೇತುವೆಗೆ ಅವರ ಹೆಸರಿಟ್ಟರು. ಧೋಲಾದಿಂದ ಅವರು ಹುಟ್ಟಿದ ಸದಿಯಾಕ್ಕೆ ದಾಟಲು ಅಲ್ಲಿಯವರೆಗೆ ದೋಣಿಯೇ ಆಗಬೇಕಿತ್ತು.